ಸವ್ಯಸಾಚಿಯ ಕೈ

ಕನ್ನಡ ಪತ್ರಿಕೆಗಳಲ್ಲಿ ಕ್ರೀಡಾಪುಟ ಬರೆಯುವವರು ಎಂದೋ ಒಂದು ಚೆಲುವಾದ ಕೆಲಸ ಮಾಡಿದ್ದಾರೆ. ಇಂಗ್ಲಿಷಿನವರು ಆಲ್‌ರೌಂಡರ್ ಎನ್ನುವ ಆಟಗಾರನಿಗೆ ಸವ್ಯಸಾಚಿ ಎಂದು ಹೆಸರಿಟ್ಟಿದ್ದಾರೆ. ಬ್ಯಾಟು ಹಿಡಿದರೆ ರನ್ನು, ಚೆಂಡು ಹಿಡಿದರೆ ವಿಕೆಟ್ಟು. ಎರಡು ಕೈಯಿಂದಲೂ ಬಾಣ ಬಿಡಬಲ್ಲವನು ಎಂಬರ್ಥದ ಹೆಸರು ಇವನಿಗೆ ಒಪ್ಪುತ್ತದೆ. ಆದರೆ ಹೆಸರನ್ನು ಎರವಲು ತಂದರೆ ಅದರ ಬೆನ್ನಿಗೆ ಕಥೆಯೂ ಬರುತ್ತದಲ್ಲವೆ? ಅರ್ಜುನನ ಕೈ ಎರಡು ಸಲ ಸೋತಿತು. ಒಮ್ಮೆ ಕುರುಕ್ಷೇತ್ರದ ಮೊದಲ ದಿನ, ಯುದ್ಧ ಇನ್ನೂ ತೊಡಗುವ ಮುನ್ನವೇ, ಗಾಂಡೀವ ಜಾರಿತು. ಇನ್ನೊಮ್ಮೆ ಮೌಸಲ ಪರ್ವದಲ್ಲಿ, ಕೃಷ್ಣ ತೀರಿಕೊಂಡ ಮೇಲೆ, ದ್ವಾರಕೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುವ ದಾರಿಯಲ್ಲಿ. ಅಲ್ಲಿ ಎದುರಾದವರು ಭೀಷ್ಮ ದ್ರೋಣರಲ್ಲ, ದೊಣ್ಣೆ ಹಿಡಿದ ಕಳ್ಳರು. ಬಿಲ್ಲಿಗೆ ಹೆದೆಯೇರಿಸುವುದೇ ಕಷ್ಟವಾಯಿತು. ದಿವ್ಯಾಸ್ತ್ರಗಳನ್ನು ನೆನೆದರೆ ಒಂದೂ ನೆನಪಿಗೆ ಬರಲಿಲ್ಲ. ಕಣ್ಣೆದುರಿಗೇ ಕಳ್ಳರು ಕೊಳ್ಳೆ ಹೊಡೆದುಕೊಂಡು ಹೋದರು.

ಬೇಕಾದ ಗಳಿಗೆಯಲ್ಲಿ ವಿದ್ಯೆ ಮರೆತುಹೋಗುವುದು ಕರ್ಣನ ಪಾಲಿನ ಶಾಪವೆಂದು ನಾವೆಲ್ಲ ಬಲ್ಲೆವು. ಪಂಪನ ಕರ್ಣನನ್ನು ಪಾಠ ಹೇಳುವಾಗ ಪರಶುರಾಮನ ಶಾಪದ ಪ್ರಸಂಗ ಬಂದರೆ, ಹಿಂದಿನ ಬೆಂಚಿನ ಹುಡುಗರೂ ಮೊಬೈಲು ಕೆಳಗಿಟ್ಟು ಕೇಳುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಅಂಥದೊಂದು ಶಾಪದ ಅನುಭವ ಅವರಿಗೂ ಆಗಿರುತ್ತದೆ. ಆದರೆ ಅರ್ಜುನನಿಗೆ ಯಾರ ಶಾಪವೂ ಇರಲಿಲ್ಲ, ಆದರೂ ಮರೆತ. ನಾವು ಮಾತ್ರ ಮರೆವನ್ನು ಕರ್ಣನ ಲೆಕ್ಕಕ್ಕೆ ಬರೆದು, ಗೆಲುವನ್ನು ಅರ್ಜುನನ ಲೆಕ್ಕಕ್ಕೆ ಬರೆದು ಪುಸ್ತಕ ಮುಚ್ಚಿಟ್ಟಿದ್ದೇವೆ.

ಬಿಗಿಯಾದ ಒಂದು ಗಳಿಗೆಯಲ್ಲಿ ಮನುಷ್ಯ ಏನು ಮಾಡಿದನೋ ಅದೇ ಅವನ ನಿಜವಾದ ಬೆಲೆಯೆ? ಅವನ ಉಳಿದೆಲ್ಲ ದಿನಗಳೂ ಆ ಒಂದು ಗಳಿಗೆಯ ಮುಂದೆ ಸುಳ್ಳೆ? ಈ ಪ್ರಶ್ನೆಯನ್ನು ಪುರಾಣದಲ್ಲಿ ಇಟ್ಟು ನೋಡುವುದಕ್ಕಿಂತ ನಮ್ಮ ನಾಡಿನ ಒಬ್ಬ ಸವ್ಯಸಾಚಿಯ ಮುಂದಿಟ್ಟು ನೋಡುವುದು ಲೇಸು.

ಸ್ಟುವರ್ಟ್ ಬಿನ್ನಿ ಬೆಂಗಳೂರಿನವರು. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ರೋಜರ್ ಬಿನ್ನಿಯವರ ಮಗ. 2013–14 ಮತ್ತು 2014–15ರಲ್ಲಿ ಕರ್ನಾಟಕ ಎರಡು ವರ್ಷ ಒಂದೇ ಸಮನೆ ರಣಜಿ ಟ್ರೋಫಿ ಗೆದ್ದಾಗ ಆ ತಂಡದಲ್ಲಿದ್ದವರು. 2014ರ ಜೂನ್ 17ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದೊಡನೆ ಒಂದು ದಿನದ ಪಂದ್ಯ. ಭಾರತ 105 ರನ್ನಿಗೆ ಮುಗಿಯಿತು. ಅಷ್ಟನ್ನು ಕಾಪಾಡಿಕೊಳ್ಳುವುದೆಂದರೆ ಹರಕು ಛತ್ರಿಯಲ್ಲಿ ಮಳೆ ತಡೆದ ಹಾಗೆ. ಬಿನ್ನಿ 4.4 ಓವರಿನಲ್ಲಿ 4 ರನ್ನು ಕೊಟ್ಟು 6 ವಿಕೆಟ್ ತೆಗೆದರು. ಬಾಂಗ್ಲಾದೇಶ 58ಕ್ಕೆ ಆಟ ಮುಗಿಸಿತು. ಕೋಲ್ಕತ್ತದಲ್ಲಿ 1993ರಲ್ಲಿ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಪಡೆದು ಕಟ್ಟಿದ್ದ ದಾಖಲೆಯನ್ನು ಇನ್ನೊಬ್ಬ ಬೆಂಗಳೂರಿಗರೇ ಮುರಿದರು. 2023ರ ನವೆಂಬರಿನಲ್ಲಿ ಮೊಹಮ್ಮದ್ ಶಮಿ 7 ವಿಕೆಟ್ ಪಡೆಯುವವರೆಗೆ, ಒಂಬತ್ತು ವರ್ಷಕ್ಕೂ ಮೀರಿ, ಏಕದಿನ ಪಂದ್ಯದಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಬೌಲಿಂಗ್ ಅದೇ ಆಗಿತ್ತು. ಮೀರ್‌ಪುರದ ಮರುತಿಂಗಳು ನಾಟಿಂಗ್‌ಹ್ಯಾಮಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ ಅವರು ಎರಡನೆಯ ಇನ್ನಿಂಗ್ಸಿನಲ್ಲಿ 78 ರನ್ನು ಹೊಡೆದು ಪಂದ್ಯ ಕೈಬಿಡದಂತೆ ನೋಡಿಕೊಂಡರು. ಹೀಗೆ ಎರಡು ತಿಂಗಳಲ್ಲಿ ಎರಡು ಕೈಯೂ ನಡೆಯಿತು.

ಎರಡು ವರ್ಷ ಕಳೆಯಿತು. 2016ರ ಆಗಸ್ಟ್ 27, ಅಮೆರಿಕದ ಫ್ಲಾರಿಡಾದ ಲಾಡರ್‌ಹಿಲ್. ವೆಸ್ಟ್ ಇಂಡೀಸಿನೊಡನೆ ಇಪ್ಪತ್ತು ಓವರಿನ ಪಂದ್ಯ. ಬಿನ್ನಿಯವರ ಕೈಗೆ ಒಂದು ಓವರು ಸಿಕ್ಕಿತು. ಎವಿನ್ ಲೂಯಿಸ್ ಮೊದಲ ಐದು ಚೆಂಡನ್ನೂ ಸಿಕ್ಸರಿಗೆ ಎತ್ತಿದರು. ಆಮೇಲೆ ಒಂದು ವೈಡು, ಕೊನೆಗೆ ಒಂದು ರನ್ನು. ಒಟ್ಟು 32. ವೆಸ್ಟ್ ಇಂಡೀಸ್ 245 ಮಾಡಿತು. ಭಾರತ ಬೆನ್ನುಹತ್ತಿತು. ನಮ್ಮವರೇ ಆದ ಕೆ. ಎಲ್. ರಾಹುಲ್ 110 ರನ್ನು ಮಾಡಿ ಔಟಾಗದೆ ನಿಂತರು. ಕೊನೆಯ ಚೆಂಡಿಗೆ ಎರಡು ರನ್ನು ಬೇಕಾಗಿತ್ತು. ಧೋನಿ ಹೊಡೆದ ಚೆಂಡು ಕ್ಯಾಚಾಯಿತು. ಭಾರತ ಒಂದು ರನ್ನಿನಿಂದ ಸೋತಿತು. ಭಾರತದ ನಾಲ್ಕೇ ವಿಕೆಟ್ ಬಿದ್ದಿದ್ದರಿಂದ ಬಿನ್ನಿಗೆ ಬ್ಯಾಟು ಹಿಡಿಯುವ ಸರದಿಯೇ ಬರಲಿಲ್ಲ. ಒಂದು ಕೈ ಸೋತಾಗ ಇನ್ನೊಂದು ಕೈಯಿಂದ ತೀರಿಸಬಹುದೆಂಬುದೇ ಸವ್ಯಸಾಚಿಗೆ ಇರುವ ಒಂದು ಸಮಾಧಾನ. ಆ ದಿನ ಅದೂ ಅವರಿಗೆ ದಕ್ಕಲಿಲ್ಲ. ಮರುದಿನದ ಪಂದ್ಯಕ್ಕೆ ಅವರ ಬದಲು ಅಮಿತ್ ಮಿಶ್ರಾ ಬಂದರು. ಬಿನ್ನಿ ಮತ್ತೆಂದೂ ಭಾರತದ ಪರವಾಗಿ ಆಡಲಿಲ್ಲ. ಆರು ಟೆಸ್ಟು, ಹದಿನಾಲ್ಕು ಒಂದು ದಿನದ ಪಂದ್ಯ, ಮೂರು ಇಪ್ಪತ್ತು ಓವರಿನ ಪಂದ್ಯ, ಅಲ್ಲಿಗೆ ಮುಗಿಯಿತು. ಮುಂದೆ ನಾಗಾಲ್ಯಾಂಡಿಗೆ ಆಡಿ, 2021ರ ಆಗಸ್ಟಿನಲ್ಲಿ ನಿವೃತ್ತರಾದರು.

ಆ ರಾತ್ರಿ ಜಾಲತಾಣಗಳಲ್ಲಿ ಅವರ ಮೇಲೆ ಬಿದ್ದ ಬೈಗುಳದ ಮಳೆಯನ್ನು ಇಲ್ಲಿ ಮತ್ತೆ ಬರೆಯಲಾರೆ. ಅಪ್ಪನ ಹೆಸರಿನಿಂದ ಬಂದವನು ಎಂಬುದು ಒಂದು. ಕ್ರೀಡಾ ನಿರೂಪಕಿಯಾದ ಮಡದಿಯನ್ನೂ ಎಳೆದದ್ದು ಇನ್ನೊಂದು. ಒಂದು ಓವರಿಗೂ ಒಬ್ಬಳು ಹೆಂಗಸಿನ ಸಂಸಾರಕ್ಕೂ ಏನು ಸಂಬಂಧವೋ ಬೈದವರನ್ನೇ ಕೇಳಬೇಕು.

ಅದೇ 2016ರ ಮಾರ್ಚ್ 23ಕ್ಕೆ ಹಿಂದಿರುಗೋಣ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶಕ್ಕೆ ಕೊನೆಯ ಓವರಿನಲ್ಲಿ 11 ರನ್ನು ಬೇಕು. ಚೆಂಡು ಇನ್ನೊಬ್ಬ ಸವ್ಯಸಾಚಿ ಹಾರ್ದಿಕ್ ಪಾಂಡ್ಯರ ಕೈಯಲ್ಲಿ. ಮೊದಲ ಮೂರು ಚೆಂಡಿಗೆ ಒಂದು, ನಾಲ್ಕು, ನಾಲ್ಕು. ಇನ್ನು ಮೂರು ಚೆಂಡಿಗೆ ಎರಡೇ ರನ್ನು. ಮುಷ್ಫಿಕುರ್ ಆಗಲೇ ಗೆದ್ದಂತೆ ಕೈಯೆತ್ತಿ ಕುಣಿದರು. ಮುಂದಿನ ಚೆಂಡನ್ನು ಅವರು ಎತ್ತಿ ಹೊಡೆದು ಕ್ಯಾಚು ಕೊಟ್ಟರು. ಅದರ ಮುಂದಿನದು ಫುಲ್‌ಟಾಸು. ಬೌಲಿಂಗ್ ಕಲಿಸುವ ಯಾವ ಗುರುವೂ ಆ ಗಳಿಗೆಯಲ್ಲಿ ಹಾಕು ಎಂದು ಹೇಳದ ಚೆಂಡು ಅದು. ಮಹಮುದುಲ್ಲಾ ಅದನ್ನು ನೇರವಾಗಿ ಜಡೇಜರ ಕೈಗೇ ಹೊಡೆದರು. ಕೊನೆಯ ಚೆಂಡು ಬ್ಯಾಟಿಗೆ ತಾಗಲಿಲ್ಲ. ಧೋನಿ ಒಂದು ಕೈಯ ಗ್ಲೌಸು ಕಳಚಿಕೊಂಡು ಓಡಿಬಂದು ರನ್‌ಔಟ್ ಮಾಡಿದರು. ಭಾರತ ಒಂದು ರನ್ನಿನಿಂದ ಗೆದ್ದಿತು. ಪಾಂಡ್ಯರಿಗೆ ಎದೆಗಾರ ಎಂಬ ಬಿರುದು ಬಂತು.

ಎರಡೂ ಪಂದ್ಯ ಒಂದೇ ವರ್ಷದ್ದು, ಎರಡರಲ್ಲೂ ನಡುವೆ ಇದ್ದದ್ದು ಒಂದೇ ರನ್ನು. ಒಂದರಲ್ಲಿ ಕೆಟ್ಟ ಚೆಂಡಿಗೆ ವಿಕೆಟ್ ಸಿಕ್ಕಿತು. ಇನ್ನೊಂದರಲ್ಲಿ ಕೆಟ್ಟ ಓವರಿಗೆ ಮದ್ದು ಸಿಗಲಿಲ್ಲ. ಆ ಫುಲ್‌ಟಾಸು ಒಂದು ಗಜ ಎತ್ತರವಾಗಿ ಹೋಗಿದ್ದರೆ ಪಾಂಡ್ಯರು ನಡುಗಿದ ಹುಡುಗರಾಗುತ್ತಿದ್ದರು. ಲಾಡರ್‌ಹಿಲ್ಲಿನಲ್ಲಿ ಧೋನಿಯ ಹೊಡೆತ ಒಂದು ಗಜ ಆಚೀಚೆ ಬಿದ್ದಿದ್ದರೆ ಬಿನ್ನಿಯ ಓವರು ಡ್ರೆಸ್ಸಿಂಗ್ ರೂಮಿನ ತಮಾಷೆಯ ಕಥೆಯಾಗುತ್ತಿತ್ತು. ನಾವು ಆಳಿಗೆ ಬೆಲೆ ಕಟ್ಟುತ್ತಿದ್ದೇವೆಂದುಕೊಂಡು ಅವನ ಕೈಮೀರಿದ ಏನಕ್ಕೋ ಬೆಲೆ ಕಟ್ಟುತ್ತಿದ್ದೇವೆ. ಇದನ್ನು ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ತ್ವಜ್ಞರು 1976ರಲ್ಲಿ ಒಂದು ಚರ್ಚೆಗೆ ತಂದರು. ನೈತಿಕ ಅದೃಷ್ಟ ಎಂದು ಅದನ್ನು ಕನ್ನಡಿಸಬಹುದು. ಇಬ್ಬರು ಲಾರಿ ಚಾಲಕರು ಸಮಾನ ಅಜಾಗರೂಕರು. ಒಬ್ಬನ ದಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಮೊದಲನೆಯವನನ್ನು ನಾವು ಕೊಲೆಗಾರನಂತೆ ಕಾಣುತ್ತೇವೆ, ಎರಡನೆಯವನು ಮನೆಗೆ ಹೋಗಿ ಊಟ ಮಾಡುತ್ತಾನೆ. ಇದರಿಂದ ಪಾರಾಗುವ ದಾರಿ ಅವರಿಬ್ಬರಿಗೂ ಪೂರ್ತಿ ಸಿಕ್ಕಿತೆಂದು ನನಗನ್ನಿಸುವುದಿಲ್ಲ.

"ಅದೃಷ್ಟವೆಂದು ಎಲ್ಲವನ್ನೂ ತಳ್ಳಿಹಾಕಬಹುದೆ? ಬಿಗಿಯಾದಾಗ ನಿಲ್ಲುವವರು ನಿಲ್ಲುತ್ತಾರೆ, ಮುರಿಯುವವರು ಮುರಿಯುತ್ತಾರೆ" ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ದೈಹಿಕ ಶಿಕ್ಷಣದವರು. ಹುಡುಗರನ್ನು ಬೆಳಗಿನ ಆರಕ್ಕೇ ಎಬ್ಬಿಸಿ ಓಡಿಸುವವರು. ಅವರ ಮಾತಿನಲ್ಲಿ ಹುರುಳಿದೆ. ಒತ್ತಡದಲ್ಲಿ ಗಟ್ಟಿಯಾಗಿರುವುದು ಒಂದು ಗುಣವೇ ಸರಿ. ಅದು ಅಭ್ಯಾಸದಿಂದ ಬೆಳೆಯುತ್ತದೆ ಎಂಬುದೂ ನಿಜ. ಆದರೆ ಆ ಗುಣ ಒಬ್ಬನಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಮೀರ್‌ಪುರದಲ್ಲಿ ಕಾಪಾಡಲು 105 ರನ್ನು ಮಾತ್ರ ಇದ್ದಾಗ ನಿಂತ ಬಿನ್ನಿಯೇ ಲಾಡರ್‌ಹಿಲ್ಲಿನಲ್ಲಿ ಮುರಿದವರು. ಯಾವ ಬಿನ್ನಿ ನಿಜ? ಅವರ ತಂದೆಯವರನ್ನೇ ತೆಗೆದುಕೊಳ್ಳಿ. 1983ರಲ್ಲಿ ಲೋಕವನ್ನೇ ಗೆದ್ದ ತಂಡದ ಆಧಾರಸ್ತಂಭ. 1987ರ ಮಾರ್ಚಿನಲ್ಲಿ ತಮ್ಮೂರು ಬೆಂಗಳೂರಿನಲ್ಲಿ, ಗಾವಸ್ಕರರು ತಮ್ಮ ಕಡೆಯ ಟೆಸ್ಟಿನಲ್ಲಿ 96 ರನ್ನು ಮಾಡಿ ಹೋದ ಮೇಲೆ, ಪಾಕಿಸ್ತಾನದ ಎದುರು ಕೊನೆಯ ವಿಕೆಟ್ಟಾಗಿ ಔಟಾದವರೂ ಅವರೇ. ಆಗ ಗೆಲುವಿಗೆ ಇನ್ನು 17 ರನ್ನು ಬೇಕಿತ್ತು. ಅಂದಿಗೆ ಜಾಲತಾಣವಿರಲಿಲ್ಲ. ಅದು ಅವರ ಪುಣ್ಯ.

ಉತ್ತರಕುಮಾರನ ಮಾತು ಬಾರದೆ ಈ ವಿಷಯ ಪೂರ್ತಿಯಾಗದು. ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವಸೇನೆ ಕಂಡೊಡನೆ ರಥದಿಂದ ಹಾರಿ ಓಡಿದವನು. ಕುಮಾರವ್ಯಾಸ ಅವನನ್ನು ಕುರಿತು ನಗಿಸುವಷ್ಟು ಇನ್ನಾರನ್ನು ಕುರಿತೂ ನಗಿಸಿಲ್ಲವೇನೊ. ನಮ್ಮ ಕಡೆಯ ಬಯಲಾಟದಲ್ಲಂತೂ ಉತ್ತರನ ಪಾತ್ರಧಾರಿ ರಂಗಕ್ಕೆ ಬಂದರೆ ಸಾಕು, ಮಕ್ಕಳು ನಿದ್ದೆಯಿಂದೆದ್ದು ಕೂರುತ್ತಾರೆ. ಆದರೆ ಭಾರತಯುದ್ಧದ ಮೊದಲನೆಯ ದಿನವೇ ಶಲ್ಯನೊಡನೆ ಎದುರಾಗಿ ಕಾದು ಸತ್ತವನೂ ಇದೇ ಉತ್ತರ ಎಂದು ಹೇಳಿದರೆ ವಿದ್ಯಾರ್ಥಿಗಳು ನಂಬದೆ ನನ್ನ ಮುಖ ನೋಡುತ್ತಾರೆ. ಓಡಿದ ದಿನ ಎಲ್ಲರಿಗೂ ಗೊತ್ತು. ನಿಂತ ದಿನ ಮೇಷ್ಟರಿಗೆ ಮಾತ್ರ ಗೊತ್ತು.

ಈ ನೆನಪಿನ ಅನ್ಯಾಯ ದೊಡ್ಡ ಕ್ರೀಡಾಂಗಣಗಳಿಗೆ ಮಾತ್ರ ಮೀಸಲಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಹುಡುಗರು ಟರ್ಫ್ ಅಂಕಣವನ್ನು ಟೀವಿಯಲ್ಲಷ್ಟೇ ನೋಡಿದವರು. (ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಆಮೇಲೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅಷ್ಟು ಸಲ ಅಂಕಣ ಬದಲಾದರೂ ಆಡುತ್ತಲೇ ಇರುವ ಊರು.) ಕೂಡ್ಲಿಗಿಯ ಕಡೆ ಶೇಂಗಾ ಕಿತ್ತ ಕೆಂಪು ಹೊಲ, ಹಡಗಲಿಯ ಕಡೆ ಜೋಳ ಕೊಯ್ದ ಎರೆಹೊಲ, ಊರ ಹೊರಗಿನ ಶಾಲೆಯ ಬಯಲು, ಟೆನಿಸ್ ಚೆಂಡು, ಒಂದು ಶಾಮಿಯಾನ, ಒಂದು ಮೈಕು. ಬೇಸಗೆಯಲ್ಲಿ ಇದೇ ವಿಶ್ವಕಪ್ಪು. ಹತ್ತಾರು ವರ್ಷಗಳ ಹಿಂದೆ ಅಂಥದೊಂದು ಫೈನಲ್ಲಿನಲ್ಲಿ ಅಂಕಪಟ್ಟಿ ಬರೆಯಲು ನನ್ನನ್ನು ಕೂರಿಸಿದ್ದರು. ಕನ್ನಡ ಮೇಷ್ಟರ ಅಕ್ಷರ ದುಂಡಗಿರುತ್ತದೆ ಎಂಬ ಕಾರಣಕ್ಕೆ. ನಮ್ಮ ಊರಿನ ತಂಡದ ಸವ್ಯಸಾಚಿ ಒಬ್ಬ ಹುಡುಗ. ಬೆಳಿಗ್ಗೆ ಸೆಮಿಫೈನಲ್ಲಿನಲ್ಲಿ ನಾಲ್ಕು ವಿಕೆಟ್ ತೆಗೆದಿದ್ದ, ಮಧ್ಯಾಹ್ನ ಫೈನಲ್ಲಿನಲ್ಲಿ ತಂಡದಲ್ಲೇ ಹೆಚ್ಚು ರನ್ನು ಹೊಡೆದಿದ್ದ. ಕೊನೆಯ ಓವರೂ ಅವನಿಗೇ ಬಂತು. ಮೂರು ವೈಡು ಹಾಕಿದ. ಎರಡು ರನ್ನು ಉಳಿದಿರುವಾಗ ಒಂದು ಬೌಂಡರಿ ಹೋಯಿತು. ಮೈಕಿನವನು ಪ್ರತಿ ವೈಡಿಗೂ ಏನೋ ಒಂದು ಚಾಟಿ ಮಾತು ಹೇಳುತ್ತಿದ್ದ, ಜನ ನಗುತ್ತಿದ್ದರು.

ಇಂದು ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಚಹದ ಅಂಗಡಿ ಇಟ್ಟಿದ್ದಾನೆ. "ಏನೋ ವೈಡಣ್ಣ, ಎರಡು ಚಾ ಕೊಡಲೇ" ಎಂದು ಗೆಳೆಯರು ಕೂಗುತ್ತಾರೆ. ಅವನೂ ನಗುತ್ತಾನೆ. ಒಮ್ಮೆ ನಾನು ಚಹ ಕುಡಿಯುತ್ತಿದ್ದಾಗ ಅವನ ಮಗ, ಐದನೆಯದೋ ಆರನೆಯದೋ ಓದುವವನು, "ಯಪ್ಪಾ, ನಿನಗ ಹಂಗ ಯಾಕ ಕರೀತಾರ?" ಎಂದು ಕೇಳಿದ. "ಆಟ ಆಡತಿದ್ನಪ್ಪ, ಅದಕ್ಕ" ಎಂದಷ್ಟೇ ಹೇಳಿ ಲೋಟ ತೊಳೆಯತೊಡಗಿದ. ನಾನು ಬರೆದಿಟ್ಟ ಅಂಕಪಟ್ಟಿಯ ಪ್ರಕಾರ ಆ ಫೈನಲ್ಲಿನಲ್ಲಿ ನಮ್ಮವರು ಬಿಟ್ಟುಕೊಟ್ಟ ಇತರೆ ರನ್ನು ಒಟ್ಟು 14. ಅದರಲ್ಲಿ ಅವನವು ಮೂರು. ಉಳಿದ 11 ರನ್ನು ಕೊಟ್ಟವರ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ. ಅವು ಮೊದಲ ಓವರುಗಳಲ್ಲಿ ಹೋಗಿದ್ದವು. ಮೂರನೆಯ ಓವರಿನಲ್ಲಿ ಕೊಟ್ಟ ಒಂದು ರನ್ನಿಗೂ ಇಪ್ಪತ್ತನೆಯ ಓವರಿನಲ್ಲಿ ಕೊಟ್ಟ ಒಂದು ರನ್ನಿಗೂ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ರನ್ನಿನಿಂದ ಸೋತ ಪಂದ್ಯದಲ್ಲಿ ಕೈತಪ್ಪಿದ ಪ್ರತಿಯೊಂದು ರನ್ನೂ ಸೋಲಿನ ಕಾರಣವೇ. ಆದರೆ ಕೊನೆಯಲ್ಲಿ ಚೆಂಡು ಹಿಡಿದವನು ಎಲ್ಲರ ಕಣ್ಣಿಗೆ ಬೀಳುತ್ತಾನೆ.

ಒತ್ತಡವೆಂಬುದು ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ 1984ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ಹೆಚ್ಚು ಹೊಣೆ ಬಿದ್ದಾಗ ಮನುಷ್ಯನ ಗಮನ ಕೆಲಸದಿಂದ ತನ್ನ ಮೇಲೆಯೇ ತಿರುಗುತ್ತದೆ. ಕೈಗೆ ತಾನೇ ಗೊತ್ತಿದ್ದ ಕೆಲಸವನ್ನು ಬುದ್ಧಿ ಮೇಸ್ತ್ರಿಯಾಗಿ ನಡೆಸಲು ಹೋಗಿ ಕೆಡಿಸುತ್ತದೆ. ತಲೆಯ ಮೇಲೆ ಎರಡು ಕೊಡ ಹೊತ್ತು ಮಾತಾಡಿಕೊಂಡು ಬರುವ ಹೆಂಗಸಿಗೆ "ಜೋಪಾನವಮ್ಮಾ, ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ" ಎಂದು ಹೇಳಿ ನೋಡಿ. ನಾನು ಓದಿದ ಮಟ್ಟಿಗೆ ಇದು ಹೇಡಿತನದ ವಿವರಣೆಯಲ್ಲ. ಚೆನ್ನಾಗಿ ಮಾಡಬೇಕೆಂಬ ಆಸೆ ಬಲವಾಗಿರುವವನಿಗೇ ಈ ಗತಿ. ಗೆದ್ದರೆಷ್ಟು ಸೋತರೆಷ್ಟು ಎನ್ನುವವನ ಕೈ ನಡುಗುವುದಿಲ್ಲ.

ಇದಕ್ಕೆ ಎದುರು ಪಕ್ಷದ ಸಾಕ್ಷ್ಯವೂ ನಮ್ಮಲ್ಲೇ ಇದೆ. 1996ರ ಅಕ್ಟೋಬರ್ 21, ಟೈಟನ್ ಕಪ್, ಬೆಂಗಳೂರು. ಆಸ್ಟ್ರೇಲಿಯದೆದುರು 216 ಮಾಡಬೇಕು. 88 ರನ್ನು ಮಾಡಿದ ಸಚಿನ್ ಔಟಾದಾಗ ಎಂಟು ವಿಕೆಟ್ಟಿಗೆ 164. ಇನ್ನು 52 ರನ್ನು ಬೇಕು. ಉಳಿದವರು ಬೌಲರುಗಳು. ಜಾವಗಲ್ ಶ್ರೀನಾಥ್ 30, ಅನಿಲ್ ಕುಂಬ್ಳೆ 16, ಇಬ್ಬರೂ ಔಟಾಗದೆ ಆ 52 ರನ್ನನ್ನೂ ಹೊಡೆದು ಗೆಲ್ಲಿಸಿದರು. ಎದೆಗಾರಿಕೆ ಬೇಕಿತ್ತು, ಒಪ್ಪಿದೆ. ಆದರೆ ಅವರಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಸೋತಿದ್ದರೆ ಬೌಲರುಗಳಲ್ಲವೆ, ಪಾಪ ಎನ್ನುತ್ತಿದ್ದೆವು. ನಿರೀಕ್ಷೆಯ ಮೂಟೆಯನ್ನು ಸಚಿನ್ ತಮ್ಮೊಡನೆ ಪೆವಿಲಿಯನ್ನಿಗೆ ಹೊತ್ತುಕೊಂಡು ಹೋಗಿದ್ದರು. ಮೇಲಾಗಿ ಅವರು ಇಬ್ಬರು, ಒಂದೇ ನುಡಿಯವರು, ಒಂದೇ ತಂಡದಲ್ಲಿ ಬೆಳೆದವರು. ಒಬ್ಬನಿಗೆ ಇನ್ನೊಬ್ಬ ಇದ್ದ.

ಸವ್ಯಸಾಚಿಯ ಮೊದಲ ನಡುಕಕ್ಕೂ ಕೊನೆಯ ನಡುಕಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆಯೆಂದು ನನಗೆ ತೋರುತ್ತದೆ. ಕುರುಕ್ಷೇತ್ರದಲ್ಲಿ ಗಾಂಡೀವ ಜಾರಿದಾಗ ರಥದ ಮುಂದೆ ಕೃಷ್ಣ ಕೂತಿದ್ದ. ಹದಿನೆಂಟು ಅಧ್ಯಾಯದಷ್ಟು ಹೊತ್ತು ಅವನೊಡನೆ ಮಾತಾಡಿದ. ದ್ವಾರಕೆಯ ದಾರಿಯಲ್ಲಿ ಕೃಷ್ಣನಿರಲಿಲ್ಲ. ಅದೇ ತೋಳು, ಅದೇ ಬಿಲ್ಲು. ಕರ್ಣನ ರಥದಲ್ಲಿಯೂ ಸಾರಥಿಯಿದ್ದ. ಆದರೆ ಅವನು ಶಲ್ಯ, ಹೆಜ್ಜೆಹೆಜ್ಜೆಗೂ ಹಂಗಿಸುವ ಸಾರಥಿ. ಮನೋಬಲ ಎಂಬುದನ್ನು ಒಬ್ಬನ ಎದೆಯೊಳಗೇ ಹುಡುಕುವುದು ನಮಗೆ ರೂಢಿಯಾಗಿದೆ. ಅದರ ಅರ್ಧ ಪಾಲು ಅವನ ಎದೆಯ ಹೊರಗೆ, ಸುತ್ತ ನಿಂತವರಲ್ಲಿದೆ ಎಂದರೆ ನನ್ನ ಸಹೋದ್ಯೋಗಿ ಒಪ್ಪುವುದಿಲ್ಲ. "ಹಾಗಾದರೆ ಆಟಗಾರನಿಗೆ ಹೊಣೆಯೇ ಇಲ್ಲವೆ?" ಎಂದು ಕೇಳುತ್ತಾರೆ. ಇದೆ. ಚೆಂಡು ಎಲ್ಲಿ ಬೀಳಬೇಕೆಂಬುದಕ್ಕೆ ಬಿನ್ನಿಯೇ ಹೊಣೆ. 32 ರನ್ನು ಅವರದೇ. ತಂಡಕ್ಕೆ ಇನ್ನೊಬ್ಬನನ್ನು ಆರಿಸುವ ಹಕ್ಕು ಆಯ್ಕೆಗಾರರಿಗೂ ಇದೆ. ಓವರು ಕೆಟ್ಟಿತು ಎಂದು ಹೇಳುವುದರಲ್ಲಿ ತಪ್ಪಿಲ್ಲ. ಓವರಿನಿಂದ ಆಳಿಗೆ ಜಿಗಿಯುವ ಆ ಒಂದು ನೆಗೆತವನ್ನಷ್ಟೇ ನಾನು ಒಪ್ಪಲಾರೆನೆನ್ನುವುದು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡೆಂಕನ ಮರಡಿಯಲ್ಲಿ ಕಾರ್ಣಿಕ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಜನಸಾಗರ ಕೆಳಗೆ ನೋಡುತ್ತಿರುತ್ತದೆ. ಅವನು "ಸದ್ದಲೇ" ಎಂದು ಕೂಗಿದೊಡನೆ ಅಷ್ಟು ಜನವೂ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಅವನು ನುಡಿಯಬೇಕಾದದ್ದು ಒಂದೇ ವಾಕ್ಯ. ವರ್ಷದ ಮಳೆ, ಬೆಳೆ, ರಾಜಕಾರಣವೆಲ್ಲ ಅದರ ಮೇಲೆ. ನಾನು ಬಲ್ಲ ಒತ್ತಡಗಳಲ್ಲಿ ಇದಕ್ಕಿಂತ ದೊಡ್ಡದು ಯಾವ ಕ್ರೀಡಾಂಗಣದಲ್ಲೂ ಇರಲಾರದು. ವಾಕ್ಯ ಮುಗಿದೊಡನೆ ಗೊರವಯ್ಯ ಬಿಲ್ಲಿನ ಮೇಲಿಂದ ಬೀಳುತ್ತಾನೆ. ಬೀಳುತ್ತಾನೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಕೆಳಗೆ ಕೈಗಳು ಆಗಲೇ ಮೇಲೆದ್ದಿರುತ್ತವೆ.

ಆಮೇಲೆ ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಮಂಡಕ್ಕಿ ಮಿರ್ಚಿಯ ಅಂಗಡಿಯಲ್ಲಿ ಆ ಒಂದು ವಾಕ್ಯದ ಅರ್ಥದ ಬಗ್ಗೆ ರಾತ್ರಿಯವರೆಗೆ ಜಗಳವಾಡುತ್ತಾರೆ. ಮುಂಗಾರೋ ಹಿಂಗಾರೋ, ಸರಕಾರ ಉಳಿಯುತ್ತದೋ ಬೀಳುತ್ತದೋ ಎಂದು. ಬಿಲ್ಲಿನ ಮೇಲೆ ಗೊರವಯ್ಯನ ಕಾಲು ನಡುಗಿತೆ ಎಂದು ಕೇಳಿದವರನ್ನು ಮಾತ್ರ ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ.